ಪಿ0401 ಬಂದರೆ ಇ.ಜಿ.ಆರ್. ವಾಲ್ವ್ ಕೆಟ್ಟಿದೆ ಎಂದರ್ಥವಲ್ಲ

ಡೀಸೆಲ್ ಕಾರು ಇಟ್ಟುಕೊಂಡವರು, ಅದರಲ್ಲೂ ಊರೊಳಗಿನ ಸಣ್ಣ ಓಡಾಟಕ್ಕೇ ಅದನ್ನು ಬಳಸುವವರು, ದಯವಿಟ್ಟು ಇದನ್ನು ಓದಬೇಕು. ಪರೀಕ್ಷೆ ಮಾಡಿಸದೆ ಬಿಡಿಭಾಗ ಬದಲಿಸಲು ಒಪ್ಪಿಕೊಂಡದ್ದಕ್ಕೆ ನಾನು 28,000 ರೂಪಾಯಿ ಕಳೆದುಕೊಂಡಿದ್ದೇನೆ.

ನಮ್ಮ ಕಾರು ಹೆಚ್ಚಾಗಿ ಓಡುವುದು ಮನೆಯಿಂದ ಶಿರಸಿ ಪೇಟೆಗೆ, ಆರು ಕಿಲೋಮೀಟರು. ಮಳೆಗಾಲ ಮುಗಿದ ಮೇಲೆ ಒಮ್ಮೆ ಕುಮಟಾದಿಂದ ಮರಳುವಾಗ ದೇವಿಮನೆ ಘಟ್ಟದ ಏರಿನಲ್ಲಿ ಎಂಜಿನ್ನಿನ ಎಳೆತ ಕುಂದಿತು, ಕಪ್ಪು ಹೊಗೆ ಬಂತು, ಚೆಕ್ ಎಂಜಿನ್ ದೀಪ ಹೊತ್ತಿತು. ಮರುದಿನ ಗ್ಯಾರೇಜಿನಲ್ಲಿ ಸ್ಕ್ಯಾನರ್ ತೋರಿಸಿದ ಕೋಡ್ ಪಿ0401, ಅಂದರೆ ಇ.ಜಿ.ಆರ್. (ಎಂಜಿನ್ನಿನ ಹೊಗೆಯ ಒಂದು ಪಾಲನ್ನು ಮರಳಿ ಎಂಜಿನ್ನಿಗೇ ಕಳಿಸುವ ವ್ಯವಸ್ಥೆ) ಹರಿವು ಸಾಲದು. ‘ವಾಲ್ವ್ ಹೋಗಿದೆ, ಹೊಸದೇ ಹಾಕಬೇಕು’ ಎಂದರು. ಕೂಲಿ ಸೇರಿ 19,500 ಕೊಟ್ಟೆ. ಒಂಬತ್ತು ದಿನಕ್ಕೆ ದೀಪ ಮತ್ತೆ ಹೊತ್ತಿತು. ಗಾಳಿ ಅಳೆಯುವ ಮ್ಯಾಫ್ ಸೆನ್ಸರನ್ನೂ 8,500ಕ್ಕೆ ಬದಲಿಸಿದರು. ಕೋಡ್ ಹೋಗಲಿಲ್ಲ. ಕೊನೆಗೆ ಇ.ಜಿ.ಆರ್. ದಾರಿಗೆ ತಗಡು ಹಾಕಿ ಮುಚ್ಚಿಬಿಡೋಣ ಎಂಬ ಸಲಹೆ ಬಂತು. ಹೊಗೆಯ ವಿಷಾಂಶ ತಗ್ಗಿಸಲೆಂದೇ ಇರುವ ವ್ಯವಸ್ಥೆಯನ್ನು ಮುಚ್ಚುವುದು ತಪ್ಪು. ಅಲ್ಲದೆ ಹರಿವು ಸಾಲದೆಂದು ದೂರುತ್ತಿರುವ ಎಂಜಿನ್ನಿನಲ್ಲಿ ಹರಿವನ್ನೇ ನಿಲ್ಲಿಸಿದರೆ ದೂರು ಹೇಗೆ ತೀರೀತು? ನಾನು ಒಪ್ಪಲಿಲ್ಲ.

ಆಮೇಲೆ ಕುಮಟಾದ ಮೆಕ್ಯಾನಿಕ್ ಒಬ್ಬರು ವಿವರಿಸಿದಾಗಲೇ ನನಗೆ ವಿಷಯ ಅರ್ಥವಾದದ್ದು. ಬಹಳಷ್ಟು ಡೀಸೆಲ್ ಎಂಜಿನ್ನುಗಳಲ್ಲಿ ಮರಳಿ ಬರುವ ಹೊಗೆಯನ್ನು ನೇರವಾಗಿ ಅಳೆಯುವುದಿಲ್ಲ. ವಾಲ್ವ್ ತೆರೆದಾಗ ಹೊರಗಿನ ತಾಜಾ ಗಾಳಿ ಎಷ್ಟು ಇಳಿಯಿತೆಂದು ಮ್ಯಾಫ್ ಸೆನ್ಸರಿನಿಂದ ತಿಳಿದು ಎಂಜಿನ್ನಿನ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆದ್ದರಿಂದ ವಾಲ್ವ್ ಸರಿಯಿದ್ದು, ಆ ಹೊಗೆಯನ್ನು ತಣಿಸುವ ಇ.ಜಿ.ಆರ್. ಕೂಲರ್ ಅಥವಾ ಕೊಳವೆ ಮಸಿಯಿಂದ ಕಟ್ಟಿಕೊಂಡಿದ್ದರೂ, ಗಾಳಿಯನ್ನು ಒತ್ತಿ ಕಳಿಸುವ ಟರ್ಬೊ ಮತ್ತು ಎಂಜಿನ್ನಿನ ನಡುವಿನ ಹೋಸ್ ಬಿರಿದು ಅಳತೆಗೆ ಸಿಕ್ಕ ಗಾಳಿ ಹೊರಗೆ ಸೋರುತ್ತಿದ್ದರೂ, ಸೆನ್ಸರೇ ತಪ್ಪು ಹೇಳುತ್ತಿದ್ದರೂ ಅದೇ ಕೋಡ್ ಬರಬಹುದು.

ಅವರು ಮೊದಲು ಹೋಸುಗಳನ್ನೆಲ್ಲ ಕೈಯಾಡಿಸಿ ನೋಡಿದರು. ಎಂಜಿನ್ ಕಾದ ಮೇಲೆ ಐಡ್ಲಿಂಗ್‌ನಲ್ಲಿಟ್ಟು, ಸ್ಕ್ಯಾನರಿನಿಂದಲೇ ವಾಲ್ವ್ ತೆರೆಸಿದರು. ಕಂಪ್ಯೂಟರ್ ಕೇಳಿದಷ್ಟೇ ವಾಲ್ವ್ ತೆರೆದುಕೊಂಡಿತು, ಆದರೆ ಗಾಳಿಯ ಅಂಕಿ ಕದಲಲಿಲ್ಲ. ದಾರಿ ಸರಿಯಿದ್ದರೆ ಅದು ಸ್ಪಷ್ಟವಾಗಿ ಇಳಿಯಬೇಕು. ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್ ಬಿಚ್ಚಿದಾಗ ಹೊಗೆ ಒಳಬರುವ ಬಾಯಿಯಲ್ಲಿ ಮಸಿ ಮತ್ತು ಎಣ್ಣೆಯ ಆವಿ ಸೇರಿ ಡಾಂಬರಿನಂತೆ ಗಟ್ಟಿಯಾಗಿ, ಪೆನ್ಸಿಲ್ ತೂರುವಷ್ಟೇ ಜಾಗ ಉಳಿದಿತ್ತು. ಸಿಲಿಂಡರಿಗೆ ಗಾಳಿ ಹೋಗುವ ದಾರಿಯೂ ಕಿರಿದಾಗಿತ್ತು. ಘಟ್ಟದಲ್ಲಿ ಎಳೆತ ಕುಂದಿದ್ದು ಅದರಿಂದಲೇ. ಎಂಜಿನ್ ಪೂರ್ತಿ ಕಾಯುವ ಮೊದಲೇ ನಿಲ್ಲಿಸುವ ನಮ್ಮ ಆರು ಕಿಲೋಮೀಟರಿನ ಓಡಾಟ ಇದಕ್ಕೆ ಕಾರಣವೆಂದರು. ಬಿಚ್ಚಿ ತೊಳೆದು ಜೋಡಿಸಿದ್ದಕ್ಕೆ 6,500 ಆಯಿತು, ಕೋಡ್ ಮತ್ತೆ ಬಂದಿಲ್ಲ.

ಯಾರೇ ವಾಲ್ವ್ ಬದಲಿಸಬೇಕೆಂದರೂ ಈ ಪರೀಕ್ಷೆಯನ್ನು ನಿಮ್ಮ ಎದುರೇ ಮಾಡಲು ಹೇಳಿ. ಕೇಳಿದಷ್ಟು ವಾಲ್ವ್ ತೆರೆಯದಿದ್ದರೆ ಮಾತ್ರ ಅದರ ಮೇಲೆ, ಅದರ ವೈರಿಂಗ್ ಮೇಲೆ ಅನುಮಾನ ಪಡಬೇಕು. ಬಿಚ್ಚಿದ ಹಳೆಯ ಬಿಡಿಭಾಗವನ್ನು ಅಂದೇ ಕೇಳಿ ಪಡೆಯಿರಿ. ನಾನು ಕೇಳಲು ಹೋಗುವಷ್ಟರಲ್ಲಿ ನನ್ನ ವಾಲ್ವ್ ಗುಜರಿಗೆ ಹೋಗಿತ್ತು.