45 ಎಚ್‌ಪಿ ಟ್ರ್ಯಾಕ್ಟರಿನ ಹಿಂದೆ ಐದು ಟನ್ನಿನ ಟ್ರೈಲರ್: ಕಾರಟಗಿ ಸೀಮೆಯಲ್ಲಿ ವರ್ಷಗಟ್ಟಲೆ ಎಳೆದ ಮೇಲೆ

ಗಂಗಾವತಿ ಕಡೆಯ ಒಂದು ವರ್ಕ್‌ಶಾಪ್‌ನಲ್ಲಿ 2019ರ ಬೇಸಿಗೆಯಲ್ಲಿ ಮಾಡಿಸಿದ ಟ್ರೈಲರ್ ಇದು. ಎರಡು ಗಾಲಿ, ಹೈಡ್ರಾಲಿಕ್ ಟಿಪ್ಪಿಂಗ್, ಒಳ ಅಳತೆ 11 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರ. ಎಳೆಯುವುದು ನಾಲ್ಕು ಸಿಲಿಂಡರಿನ 45 ಎಚ್‌ಪಿ ಟ್ರ್ಯಾಕ್ಟರ್. ಕೆಲಸ ಮುಖ್ಯವಾಗಿ ಭತ್ತದ್ದು: ಹೊಲದಿಂದ ಕಣಕ್ಕೆ, ಕಣದಿಂದ ಕಾರಟಗಿ ಮಾರುಕಟ್ಟೆಗೋ ರೈಸ್ ಮಿಲ್ಲಿಗೋ. ನಡುವೆ ಗೊಬ್ಬರ, ಹುಲ್ಲು, ಆಗಾಗ ಮೊರಂ, ಅಂದರೆ ಗರಸು ಮಣ್ಣು. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಭತ್ತಕ್ಕೆ ಇದು ಒಳ್ಳೆಯ ಜೋಡಿ. ಮೊರಂ, ಮರಳು, ಕಲ್ಲು ಹೊಡೆಯುವವರು ಇದನ್ನು ಕೊಳ್ಳಬೇಡಿ.

ಟ್ರೈಲರ್ ಮಾಡುವವರು ಮಾತು ಶುರು ಮಾಡುವುದೇ ಎಚ್‌ಪಿಯಿಂದ. ‘ನಿಮ್ಮದು 45 ಎಚ್‌ಪಿ ಅಲ್ಲವೇ, ಹತ್ತು ಟನ್ ಆರಾಮಾಗಿ ಎಳೆಯುತ್ತದೆ’ ಎನ್ನುತ್ತಾರೆ. ಎಳೆಯುತ್ತದೆ, ಅದು ಸುಳ್ಳಲ್ಲ. ಒಳ್ಳೆಯ ಡಾಂಬರು ರಸ್ತೆಯಲ್ಲಿ ಐದು ಟನ್ ಭಾರವನ್ನು ಉರುಳಿಸಲು ಆ ತೂಕದ ಶೇ 2ರಿಂದ 3ರಷ್ಟು ಎಳೆತ ಸಾಕು, ಅಂದರೆ ನೂರು ನೂರೈವತ್ತು ಕೆ.ಜಿ. ಹತ್ತು ಟನ್ನಿಗೆ ಅದರ ಎರಡರಷ್ಟು. ಯಾವ ಟ್ರ್ಯಾಕ್ಟರಿಗೂ ಇದು ಲೆಕ್ಕಕ್ಕಿಲ್ಲ. ಅದಕ್ಕೇ ಸುಗ್ಗಿಯಲ್ಲಿ ಗಂಗಾವತಿ–ಸಿಂಧನೂರು ರಸ್ತೆಯ ಮೇಲೆ ನೂರು ಚೀಲ ಹೇರಿಕೊಂಡು ಸಾಗುವ ಗಾಡಿಗಳನ್ನು ನೋಡಿ ಎಲ್ಲರೂ ತಮ್ಮ ಎಂಜಿನ್ನಿಗೂ ಅಷ್ಟು ತಾಕತ್ತಿದೆ ಎಂದುಕೊಳ್ಳುತ್ತಾರೆ. ನಮ್ಮ ಕಡೆಯ ಭತ್ತದ ಚೀಲ 75 ಕೆ.ಜಿ.ಯದು. ನೂರು ಚೀಲವೆಂದರೆ ಏಳೂವರೆ ಟನ್, ಟ್ರೈಲರಿನ ಸ್ವಂತ ತೂಕ ಬೇರೆ.

ನನ್ನ ಮಾತನ್ನು ಯಾರೂ ನಂಬಬೇಕಾಗಿಲ್ಲ, ಕಾಟಾದ ಚೀಟಿಯನ್ನು ನಂಬಿದರೆ ಸಾಕು. ರೈಸ್ ಮಿಲ್ಲಿನ ವೇಬ್ರಿಡ್ಜ್ ಮೇಲೆ ಬಿಡುವಿನ ಹೊತ್ತಿನಲ್ಲಿ ಈ ಜೋಡಿಯನ್ನು ತುಂಡು ತುಂಡಾಗಿ ತೂಗಿಸಿದ್ದೇನೆ. ಚಾಲಕನೂ ಸೇರಿ ಟ್ರ್ಯಾಕ್ಟರ್ 2,050 ಕೆ.ಜಿ. ಖಾಲಿ ಟ್ರೈಲರ್ 1,450. ಒಣ ಭತ್ತದ 46 ಚೀಲ ಹೇರಿ, ಕೊಂಡಿ ಕಳಚಿ ಟ್ರೈಲರನ್ನಷ್ಟೇ ತೂಗಿದಾಗ 4,900. ಆಮೇಲೆ ಕೊಂಡಿ ಹಾಕಿ, ಟ್ರ್ಯಾಕ್ಟರನ್ನು ಕಾಟಾದಿಂದ ಮುಂದಕ್ಕೆ ಇಳಿಸಿ, ಟ್ರೈಲರಿನ ಗಾಲಿಗಳನ್ನು ಮಾತ್ರ ಹಲಗೆಯ ಮೇಲೆ ಉಳಿಸಿದರೆ 4,050. ಉಳಿದ 850 ಕೆ.ಜಿ. ಎಲ್ಲಿ ಹೋಯಿತು? ಮೂಕಿಯ, ಅಂದರೆ ಟ್ರೈಲರಿನ ಮುಂದೆ ಚಾಚಿದ ಎಳೆಯುವ ದಂಡದ, ಮೂಲಕ ಟ್ರ್ಯಾಕ್ಟರಿನ ಹುಕ್ಕಿನ ಮೇಲೆ ಕುಳಿತಿದೆ. ಕೊನೆಗೆ ಟ್ರ್ಯಾಕ್ಟರಿನ ಮುಂದಿನ ಗಾಲಿಗಳನ್ನಷ್ಟೇ ಹತ್ತಿಸಿದೆವು. ಟ್ರೈಲರ್ ಇಲ್ಲದಾಗ ಅಲ್ಲಿ 780 ಕೆ.ಜಿ. ಇತ್ತು, ಈಗ 520. ಹುಕ್ಕು ಹಿಂದಿನ ಅಚ್ಚಿಗಿಂತ ಸುಮಾರು ಎರಡಡಿ ಹಿಂದಿರುವುದರಿಂದ, ಅದರ ಮೇಲೆ ಬಿದ್ದ ಭಾರದಲ್ಲಿ ಮೂರನೇ ಒಂದಂಶದಷ್ಟನ್ನು ಮುಂದಿನ ಗಾಲಿಗಳಿಂದ ಎತ್ತಿಬಿಡುತ್ತದೆ.

ಎತ್ತಿನ ಬಂಡಿ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ, ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಪಟ್ಟಿ ಬಿಗಿಯುತ್ತದೆ. ಟ್ರ್ಯಾಕ್ಟರಿನಲ್ಲಿ ಮುಂಭಾರದ ಪೆಟ್ಟು ಸ್ಟೇರಿಂಗಿಗೆ ಬೀಳುತ್ತದೆ. ಮುಂದಿನ ಅಚ್ಚಿನ ಮೇಲೆ ಟ್ರ್ಯಾಕ್ಟರಿನ ತೂಕದ ಐದನೇ ಒಂದಂಶವಾದರೂ ಉಳಿಯಬೇಕು, ನನ್ನ ಗಾಡಿಗೆ ಅದು 410 ಕೆ.ಜಿ. ಚೀಲಗಳನ್ನು ಮುಂದಿನ ಹಲಗೆಗೆ ಒತ್ತಿ ಪೇರಿಸಿದರೆ ಸಮತಟ್ಟು ನೆಲದಲ್ಲೇ ಈ ಮಿತಿ ದಾಟುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಉಪಕಾಲುವೆಗಳ ಸೇತುವೆ ಹತ್ತುವಾಗಂತೂ ಭಾರ ಇನ್ನಷ್ಟು ಹಿಂದಕ್ಕೆ ಸರಿಯುತ್ತದೆ. ಸ್ಟೇರಿಂಗ್ ತಿರುಗುತ್ತದೆ, ಗಾಡಿ ಮಾತ್ರ ನೆಟ್ಟಗೆ ಕಾಲುವೆ ಕಡೆಗೇ ಹೋಗುತ್ತದೆ. ಮೂತಿಗೆ ತೂಕದ ಬಿಲ್ಲೆಗಳನ್ನು ಕಟ್ಟಿಸಿದ ಮೇಲೆ ನನ್ನ ಗಾಡಿಯಲ್ಲಿ ಈ ತೊಂದರೆ ಕಾಣಿಸಿಲ್ಲ. ಹಮಾಲರಿಗೆ ಪ್ರತಿ ಸಲ ನೆನಪಿಸಬೇಕು: ಮೊದಲ ಸಾಲು ಟ್ರೈಲರಿನ ಅಚ್ಚಿನ ಮೇಲೆ, ಆಮೇಲೆ ಮುಂದೆ, ಕೊನೆಗೆ ಹಿಂದೆ. ಅವರು ನಗುತ್ತಾರೆ, ಹಾಗೇ ಹೇರುತ್ತಾರೆ.

ಹುಕ್ಕಿನ ಭಾರಕ್ಕಿಂತ ನನ್ನ ನಿದ್ದೆ ಕೆಡಿಸುವುದು ಬ್ರೇಕು. ಮೇಲಿನ ಚೀಟಿಗಳನ್ನು ಇನ್ನೊಮ್ಮೆ ನೋಡಿ. ರಸ್ತೆಯಲ್ಲಿ ಓಡುತ್ತಿರುವುದು ಹೆಚ್ಚುಕಡಿಮೆ ಏಳು ಟನ್. ಬ್ರೇಕ್ ಇರುವುದು ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಗಳಿಗೆ ಮಾತ್ರ, ಅವುಗಳ ಮೇಲಿರುವ ತೂಕ 2,380 ಕೆ.ಜಿ. ಅಂದರೆ ಮೂರನೇ ಒಂದಂಶದ ಹಿಡಿತದಲ್ಲಿ ಇಡೀ ಸಾಲು ನಿಲ್ಲಬೇಕು. ಟ್ರೈಲರಿನ ನಾಲ್ಕು ಟನ್ ಸುಮ್ಮನೆ ಹಿಂದಿನಿಂದ ದೂಡುತ್ತದೆ. ಹೇರು ಹೆಚ್ಚಿಸಿದಷ್ಟೂ ಈ ಪಾಲು ಕೆಡುತ್ತದೆ, ಎಚ್‌ಪಿ ಎಷ್ಟೇ ಇರಲಿ. ವೇಗದ ಕಥೆ ಇನ್ನೂ ಕೆಟ್ಟದ್ದು. 20 ಕಿ.ಮೀ. ವೇಗಕ್ಕೆ ಹೋಲಿಸಿದರೆ 30ರಲ್ಲಿ ಹೀರಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂ ಕಾಲು ಪಟ್ಟು. ರಸ್ತೆಯ ಮೇಲೆ ಭತ್ತ ಒಣಹಾಕುವ ದಿನಗಳಲ್ಲಿ ಕಾಳಿನ ಮೇಲೆ ಗಾಲಿ ಹೋದರೆ ಹಿಡಿತದ ಮಾತೇ ಬೇಡ.

ಇದರ ಜೊತೆಗೆ ಎರಡು ಕೆಟ್ಟ ಅಭ್ಯಾಸಗಳಿವೆ. ಒಂದು, ಹೊಲದಲ್ಲಿ ತಿರುವಿಗೆಂದು ಬಿಡಿಸಿದ ಎಡ–ಬಲ ಬ್ರೇಕ್ ಪೆಡಲುಗಳನ್ನು ರಸ್ತೆಗೆ ಬಂದ ಮೇಲೂ ಸೇರಿಸಿ ಚಿಲಕ ಹಾಕದಿರುವುದು. ಗಾಬರಿಯಲ್ಲಿ ಒಂದೇ ಪೆಡಲಿಗೆ ಕಾಲು ಬಿದ್ದರೆ ಟ್ರ್ಯಾಕ್ಟರ್ ಒಂದು ಮಗ್ಗುಲಿಗೆ ತಿರುಗುತ್ತದೆ, ಟ್ರೈಲರ್ ಅದನ್ನು ಮಡಚಿ ಹಾಕುತ್ತದೆ. ಇನ್ನೊಂದು, ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದು. ಎಂಜಿನ್ನಿನ ತಡೆಯೂ ಹೋದ ಮೇಲೆ ಉಳಿಯುವುದು ದೇವರ ತಡೆ.

ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ತನ್ನ ಎಸ್‌ಯುವಿಯ ಹಿಂದೆ ಮಲಗುವ ಮನೆಯಂಥ ಪುಟ್ಟ ಪ್ರವಾಸಿ ಟ್ರೈಲರ್ ಕಟ್ಟಿಕೊಂಡು ಆನೆಗೊಂದಿ ಕಡೆ ಬರುವ ಯೋಚನೆಯಲ್ಲಿದ್ದಾನೆ. ಅವನ ಲೆಕ್ಕವೂ ಇದೇ, ಸಂಖ್ಯೆಗಳು ಬೇರೆ ಅಷ್ಟೆ. ಅಂಥ ಟ್ರೈಲರುಗಳಲ್ಲಿ ಒಟ್ಟು ತೂಕದ ಶೇ 10ರಿಂದ 15ರಷ್ಟು ಕೊಂಡಿಯ ಮೇಲಿರಬೇಕು. ಕಡಿಮೆಯಾದರೆ ವೇಗದಲ್ಲಿ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ, ಹೆಚ್ಚಾದರೆ ಕಾರಿನ ಹಿಂಭಾಗ ಕೂರುತ್ತದೆ. ಕೊಂಡಿಯ ಮೇಲಿನ ಭಾರ, ಕಾರಿನೊಳಗಿನ ಜನ, ಸಾಮಾನು ಎಲ್ಲ ಸೇರಿ ಕಾರಿನ ಒಟ್ಟು ತೂಕದ ಮಿತಿಯೊಳಗೇ ಇರಬೇಕು ಎಂಬುದನ್ನು ಕೊಳ್ಳುವವರು ಮರೆಯುತ್ತಾರೆ. ಖಾಲಿ ತೂಕ ನೋಡಿ ಮರುಳಾಗಬೇಡ, ನೀರಿನ ತೊಟ್ಟಿ, ಸಿಲಿಂಡರ್, ಹಾಸಿಗೆ ತುಂಬಿಸಿ ಕಾಟಾ ಹಾಕಿಸು ಎಂದಿದ್ದೇನೆ. ಯುರೋಪಿನಲ್ಲಿ 750 ಕೆ.ಜಿ. ಮೀರಿದ ಟ್ರೈಲರಿಗೆ ಅದರದ್ದೇ ಬ್ರೇಕ್ ಇರಬೇಕೆಂಬ ನಿಯಮವಿದೆ. ನನ್ನದು ಹೇರು ಸಹಿತ ಅದರ ಆರು ಪಟ್ಟಿಗೂ ಹೆಚ್ಚು, ಬ್ರೇಕ್ ಇಲ್ಲ.

ಹೊಲದೊಳಗಿನ ಅನುಭವ ಬೇರೆಯೇ. ಚೈನ್ ಹಾರ್ವೆಸ್ಟರ್ ಭತ್ತ ಸುರಿಯುವ ಜಾಗಕ್ಕೆ ಟ್ರೈಲರ್ ಹೋಗಬೇಕು, ನಮ್ಮದು ಎರೆ ಭೂಮಿ, ನೆಲ ಇನ್ನೂ ಆರಿರುವುದಿಲ್ಲ. ಡಾಂಬರಿನ ಮೇಲೆ ಶೇ 2–3 ಕೇಳುತ್ತಿದ್ದ ಅದೇ ಭಾರ ಇಲ್ಲಿ ಶೇ 15 ಕೇಳಿದರೂ ಆಶ್ಚರ್ಯವಿಲ್ಲ. ಐದು ಟನ್ನಿಗೆ ಮುಕ್ಕಾಲು ಟನ್ ಎಳೆತ. ಅದು ಹಿಂದಿನ ಗಾಲಿಗಳ ಹಿಡಿತದ ಅಂಚಿಗೆ ಬಂದು ನಿಲ್ಲುವ ಸಂಖ್ಯೆ. ಇಲ್ಲಿ ಮಾತ್ರ ಹುಕ್ಕಿನ ಮೇಲಿನ ಭಾರ ಉಪಕಾರಿ, ಗಾಲಿಗಳನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಕೆಸರಿನಲ್ಲಿ ಎರಡು ಗಾಲಿಯ ಟ್ರೈಲರ್ ನಾಲ್ಕು ಗಾಲಿಯದಕ್ಕಿಂತ ಸುಲಭವಾಗಿ ಹೊರಬರುವುದಕ್ಕೆ ಇದೂ ಕಾರಣ. ಆದರೂ ಹೊಲದಲ್ಲಿ ನಾನು ಅರ್ಧವೇ ತುಂಬಿಸುತ್ತೇನೆ.

ಪೆಟ್ಟಿಗೆಯ ಗಾತ್ರ ನೋಡಿ ಹೇರು ನಿರ್ಧರಿಸುವವರಿಗೆ ಒಂದು ಮಾತು. ಇದರ ಒಳಗಿನ ಜಾಗ 132 ಘನ ಅಡಿ. ಬಿಡಿ ಭತ್ತವನ್ನು ಅಂಚಿನ ಮಟ್ಟಕ್ಕೆ ತುಂಬಿದರೆ ಎರಡು ಟನ್ನಿನ ಸುತ್ತಮುತ್ತ. ಅದೇ ಮಟ್ಟಕ್ಕೆ ಹಸಿ ಮರಳು ತುಂಬಿದರೆ ಆರು ಟನ್ ದಾಟುತ್ತದೆ. ನನ್ನ ಆರ್‌ಸಿಯಲ್ಲಿ ಭಾರ ಸಹಿತ ಮಿತಿ 5,000 ಕೆ.ಜಿ. ಇದೆ, ಅಂದರೆ ಹೇರಲು ಸಿಗುವುದು ಮೂರೂವರೆ ಟನ್. ವರ್ಕ್‌ಶಾಪ್‌ನವರು ‘ಐದು ಟನ್ ಟ್ರೈಲರ್’ ಎಂದಾಗ ಅದರಲ್ಲಿ ಕಬ್ಬಿಣದ ತೂಕವೂ ಸೇರಿದೆ ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ. ಮೊರಂ ಹೊಡೆಸುವಾಗ ಪೆಟ್ಟಿಗೆಯ ಅರ್ಧದ ಮೇಲೆ ಸುಣ್ಣದ ಗೆರೆ ಎಳೆದು, ಅಷ್ಟಕ್ಕೇ ನಿಲ್ಲಿಸುತ್ತೇನೆ. ಕಾನೂನಿನ ದೃಷ್ಟಿಯಿಂದಲೂ ಇದು ಲಾಭ. ಮೋಟಾರು ವಾಹನ ಕಾಯ್ದೆಯ 194ನೇ ಕಲಂನಲ್ಲಿ 2019ರ ತಿದ್ದುಪಡಿ ಅಧಿಕ ಭಾರಕ್ಕೆ ಇಟ್ಟ ದಂಡ 20 ಸಾವಿರ ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2 ಸಾವಿರ.

ಇನ್ನು ಸವಕಳಿ. 9.00–16 ಟೈರುಗಳು ಚೆನ್ನಾಗಿ ಬಾಳಿವೆ. ಪೆಟ್ಟಿಗೆ ಎತ್ತುವ ಹೈಡ್ರಾಲಿಕ್ ಜಾಕು ಸೋರಿಲ್ಲ. ತಳದ ತಗಡು ಗೊಬ್ಬರದ ಉಪ್ಪಿಗೆ ತುಕ್ಕು ಹಿಡಿದು ಹಿಂಭಾಗದಲ್ಲಿ ಒಂದು ತೇಪೆ ಕಂಡಿದೆ. ಕಮಾನು ಪಟ್ಟೆಯ (ಲೀಫ್ ಸ್ಪ್ರಿಂಗ್) ಮುಖ್ಯ ಎಲೆ ಒಮ್ಮೆ ಮುರಿಯಿತು. ಹಿಂದಿನ ದೀಪಗಳು ವರ್ಷವಿಡೀ ಉರಿದದ್ದು ನೆನಪಿಲ್ಲ, ಆದ್ದರಿಂದ ಕೆಂಪು ಪ್ರತಿಫಲಕ ಪಟ್ಟಿಯನ್ನು ಧಾರಾಳವಾಗಿ ಅಂಟಿಸಿದ್ದೇನೆ. ನಿಜವಾಗಿ ಕಣ್ಣಿಡಬೇಕಾದದ್ದು ಮೂಕಿಯ ತುದಿಯ ಬಳೆ. ದುಂಡಗಿದ್ದದ್ದು ಸವೆದು ಮೊಟ್ಟೆಯಾಕಾರಕ್ಕೆ ಬಂದಿತ್ತು, ಒಳಗೆ ಪಿನ್ನು ಬೆರಳಷ್ಟು ಆಡುತ್ತಿತ್ತು. ಪ್ರತಿ ಗೇರ್ ಬದಲಾವಣೆಗೂ ಬೆನ್ನಿಗೆ ಒಂದು ಗುದ್ದು. ಬಳೆ, ಪಿನ್ನು ಎರಡನ್ನೂ ಒಟ್ಟಿಗೆ ಬದಲಿಸಿದ ಮೇಲೆ ಗುದ್ದು ನಿಂತಿತು. ಪಿನ್ನಿನ ಬದಲು ಹಾರೆಯ ತುಂಡು ಸಿಕ್ಕಿಸಿಕೊಂಡು ಓಡುವವರನ್ನು ಸಂತೆಯ ದಿನ ಈಗಲೂ ನೋಡುತ್ತೇನೆ.

ಹೊಸದಾಗಿ ಮಾಡಿಸುವವರು ಟ್ರೈಲರಿಗೇ ತಳ್ಳುಬ್ರೇಕ್ ಕೂರಿಸಲು ಹೇಳಿ. ಟ್ರ್ಯಾಕ್ಟರ್ ನಿಧಾನವಾದಾಗ ಮೂಕಿ ಒಳಕ್ಕೆ ಜರುಗಿ ತನ್ನಷ್ಟಕ್ಕೆ ಗಾಲಿ ಹಿಡಿಯುವ ಬಗೆಯದು, ಟ್ರ್ಯಾಕ್ಟರಿಗೆ ಬೇರೆ ಜೋಡಣೆ ಬೇಡ. ಹಿಂದಕ್ಕೆ ತೆಗೆಯುವಾಗ ಅದನ್ನು ಬಿಡಿಸುವ ವ್ಯವಸ್ಥೆ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ. ನನ್ನ ಅಚ್ಚಿಗೆ ಡ್ರಮ್ ಕೂರುವುದಿಲ್ಲವಂತೆ, ಅಚ್ಚನ್ನೇ ಬದಲಿಸಬೇಕು. ಬೇಸಿಗೆ ಬೆಳೆಯ ಹಣ ಕೈಸೇರಿದ ಮೇಲೆ ಆ ಕೆಲಸಕ್ಕೆ ಬಿಡುತ್ತೇನೆ. ಅಲ್ಲಿಯವರೆಗೆ 46 ಚೀಲ, 20 ಕಿ.ಮೀ. ವೇಗ.