ಫ್ರೀಪ್ಲೇನ್: ಮನೆ ಉದ್ಯಮದ ಐಡಿಯಾಗಳನ್ನು ಸಾಲಿಗೆ ನಿಲ್ಲಿಸಿದ ಮೈಂಡ್ ಮ್ಯಾಪ್

ಶಿರಸಿ ಸೀಮೆಯಲ್ಲಿ ಮನೆಯಲ್ಲೇ ತಿಂಡಿ, ಪುಡಿ, ಉಪ್ಪಿನಕಾಯಿ ಮಾಡಿ ಮಾರುವ ಸಣ್ಣ ಉದ್ಯಮ ನಮ್ಮದು. ಕೆಲಸಕ್ಕೆ ಇರುವವರು ಮನೆಮಂದಿ, ಹಂಗಾಮಿಗೆ ಬರುವ ಅಕ್ಕಪಕ್ಕದ ಹೆಂಗಸರು. ನಮ್ಮ ಕಡೆ ಐಡಿಯಾಗಳಿಗೆ ಬರ ಇಲ್ಲ. ಹಲಸಿನ ಹಪ್ಪಳ, ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕುವ ಮಾವಿನ ಮಿಡಿ), ಮುರುಗಲು (ಕೋಕಂ) ಸಿರಪ್, ತೊಡೆದೇವು, ಬಾಳೆಕಾಯಿ ಚಿಪ್ಸ್, ಸಾರಿನ ಪುಡಿ ಹೀಗೆ ಯಾರನ್ನು ಕೇಳಿದರೂ ನಾಲ್ಕು ಹೇಳುತ್ತಾರೆ. ಯಾವುದನ್ನು ಈ ವರ್ಷ ಮಾಡಬೇಕು, ಯಾವುದನ್ನು ಬಿಡಬೇಕು ಅನ್ನುವುದೇ ಕಷ್ಟ. ಅದಕ್ಕಾಗಿ ನಾನು ಕೆಲವು ವರ್ಷಗಳಿಂದ ಬಳಸುತ್ತಿರುವುದು ಫ್ರೀಪ್ಲೇನ್. ಮೈಂಡ್ ಮ್ಯಾಪ್, ಅಂದರೆ ನಡುವೆ ಒಂದು ವಿಷಯ ಇಟ್ಟು ಸುತ್ತ ಕೊಂಬೆಗಳಂತೆ ಐಡಿಯಾ ಬರೆಯುವ ನಕ್ಷೆ ಮಾಡುವ ತಂತ್ರಾಂಶ ಇದು. ಹೊಸದಾಗಿ ಇಳಿಸಿಕೊಂಡವರು ಬರೆದ ವಿಮರ್ಶೆಗಳು ಬೇಕಾದಷ್ಟಿವೆ. ಇದು ತುಂಬಾ ಸಮಯ ಬಳಸಿದ ಮೇಲೆ ಬರೆಯುತ್ತಿರುವುದು.

ಇದು ಉಚಿತ ಮತ್ತು ಮುಕ್ತ ತಂತ್ರಾಂಶ. ಫ್ರೀಮೈಂಡ್ ಅನ್ನುವ ಹಳೆಯ ತಂತ್ರಾಂಶದಿಂದ ಕವಲೊಡೆದು ಬಂದದ್ದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಟ್ಯಾಬ್ ಒತ್ತಿದರೆ ಒಳಕೊಂಬೆ, ಎಂಟರ್ ಒತ್ತಿದರೆ ಪಕ್ಕದ ಕೊಂಬೆ, ಸ್ಪೇಸ್ ಒತ್ತಿದರೆ ಕೊಂಬೆ ಮಡಚಿಕೊಳ್ಳುತ್ತದೆ. ಈ ಮೂರು ಗೊತ್ತಿದ್ದರೆ ಮೊದಲ ದಿನಕ್ಕೆ ಸಾಕು. ಕನ್ನಡದಲ್ಲೇ ಬರೆಯಬಹುದು. ನಾನು ನೋಟೊ ಸಾನ್ಸ್ ಕನ್ನಡ ಫಾಂಟ್ ಹಾಕಿಕೊಂಡಿದ್ದೇನೆ. ಇಂಟರ್ನೆಟ್ ಬೇಕಿಲ್ಲ. ಮಳೆಗಾಲದಲ್ಲಿ ದಿನಗಟ್ಟಲೆ ನೆಟ್ ಹೋಗುವ ನಮ್ಮಂಥ ಊರಿಗೆ ಇದು ಸಣ್ಣ ಮಾತಲ್ಲ.

ಮೈಂಡ್ ಮ್ಯಾಪ್ ಅಂದ ತಕ್ಷಣ ಎಲ್ಲರೂ ಹೇಳುವುದು "ಹೊಸ ಐಡಿಯಾ ಹುಟ್ಟುತ್ತದೆ" ಎಂದು. ನನಗೆ ಆಗಿರುವ ಉಪಯೋಗ ಅದಲ್ಲ. ಐಡಿಯಾ ಕೈಬಿಡುವುದಕ್ಕೆ ಇದು ಸಹಾಯ ಮಾಡುತ್ತದೆ. ಆದರೆ ಬರೀ ಕೊಂಬೆ ಎಳೆದು ಬಣ್ಣ ಹಚ್ಚಿದರೆ ಅದೂ ಆಗುವುದಿಲ್ಲ. ನಡುವೆ ಉದ್ಯಮದ ಹೆಸರು, ಸುತ್ತ ಹತ್ತು ಕೊಂಬೆ, ಎಲ್ಲವೂ ಒಂದೇ ಅಳತೆ. ನೋಡಲು ಚೆಂದ ಕಾಣುತ್ತದೆ, ಯಾವುದು ಮೊದಲು ಅಂತ ಮಾತ್ರ ಹೇಳುವುದಿಲ್ಲ. ಅದನ್ನು ನಾವೇ ಹೇಳಿಸಬೇಕು.

ನಾನು ಪ್ರತಿ ಐಡಿಯಾದ ಕೆಳಗೂ ಅದೇ ನಾಲ್ಕು ಒಳಕೊಂಬೆ ಹಾಕುತ್ತೇನೆ. ಯಾವ ತಿಂಗಳ ಕೆಲಸ? ಯಾರ ಕೈ ಬೇಕು? ಹಾಕಿದ ದುಡ್ಡು ಯಾವಾಗ ವಾಪಸ್? ಮೊದಲು ಕೊಳ್ಳುವವರು ಯಾರು? ಒಮ್ಮೆ ಬರೆದು ಕಾಪಿ ಮಾಡಿ ಎಲ್ಲಾ ಕಡೆ ಅಂಟಿಸಿದರೆ ಆಯಿತು. ಉತ್ತರ ಗೊತ್ತಿಲ್ಲದ ಕಡೆ ಖಾಲಿ ಬಿಡುತ್ತೇನೆ. ಖಾಲಿ ಜಾಗ ಜಾಸ್ತಿ ಇರುವ ಐಡಿಯಾದ ಬಗ್ಗೆ ನಾವು ಇನ್ನೂ ಬರೀ ಮಾತಾಡುತ್ತಿದ್ದೇವೆ ಎಂದರ್ಥ.

ಫ್ರೀಪ್ಲೇನಿನ ನಿಜವಾದ ಶಕ್ತಿ ಅದರ ಫಿಲ್ಟರ್. 'ಏಪ್ರಿಲ್' ಎಂದು ಕೊಟ್ಟರೆ ಆ ಪದ ಇರುವ ಕೊಂಬೆಗಳನ್ನೂ ಅವುಗಳ ತಾಯಿಕೊಂಬೆಗಳನ್ನೂ ಮಾತ್ರ ಉಳಿಸಿ ಮಿಕ್ಕಿದ್ದನ್ನು ಮರೆಮಾಡುತ್ತದೆ. ಹಾಗೆ ಮಾಡಿದ ದಿನವೇ ನಮ್ಮ ಯೋಜನೆ ಬದಲಾಯಿತು. ಹಲಸಿನ ಹಪ್ಪಳಕ್ಕೆ ಬಲಿತ ಕಾಯಿ ಸಿಗುವುದು ಆಗಲೇ. ಮಳೆ ಹಿಡಿಯುವ ಮೊದಲು ಒಣಗಬೇಕು. ಮುರುಗಲು ಹಣ್ಣೂ ಆಗಲೇ. ಸಿಪ್ಪೆ ಒಣಗಿಸಲಿಕ್ಕೂ ಬಿಸಿಲು ಬೇಕು, ಸಕ್ಕರೆ ಬೆರೆಸಿ ರಸ ಬಿಡಿಸಲಿಕ್ಕೂ ಬಿಸಿಲು ಬೇಕು. ಬಾಳೆಕಾಯಿ ಸಂಡಿಗೆಗೂ ಅದೇ ಅಂಗಳ. ಅಪ್ಪೆಮಿಡಿ ಉಪ್ಪಿಗೆ ಹಾಕುವ ಕೆಲಸ ಸ್ವಲ್ಪ ಮೊದಲು ಶುರುವಾದರೂ ಅದರ ಬಾಲ ಅಲ್ಲಿಯವರೆಗೂ ಬರುತ್ತದೆ. ನಾವು ಬೇರೆಬೇರೆ ಅಂದುಕೊಂಡ ಐಡಿಯಾಗಳೆಲ್ಲ ಒಂದೇ ಅಂಗಳ, ಒಂದೇ ಬಿಸಿಲು, ಅದೇ ನಾಲ್ಕು ಜನರ ಕೈ ಕೇಳುತ್ತಿದ್ದವು. ಪಟ್ಟಿಯಲ್ಲಿ ಒಂದರ ಕೆಳಗೊಂದು ಬರೆದಾಗ ಇದು ಕಾಣುತ್ತಿರಲಿಲ್ಲ.

ಆಮೇಲೆ ಅಡಿಕೆ ಕೊಯ್ಲಿನ ತಿಂಗಳುಗಳನ್ನು ಫಿಲ್ಟರ್ ಮಾಡಿದೆ. ಆಗ ಮನೆಯಲ್ಲಿ ಯಾರ ಕೈಯೂ ಖಾಲಿ ಇರುವುದಿಲ್ಲ, ಅಲ್ವಾ? ಆ ತಿಂಗಳು ಬೇಡುವ ಕೊಂಬೆಗಳು ತಾವಾಗಿಯೇ ಹಿಂದಕ್ಕೆ ಸರಿದವು. ಬಿಸಿಲನ್ನೂ ಕೇಳದೆ, ಹಂಗಾಮನ್ನೂ ಕೇಳದೆ ಉಳಿದದ್ದು ಸಾರಿನ ಪುಡಿ, ಚಟ್ನಿಪುಡಿ. ಯಾರಿಗೂ ಅಷ್ಟು ಉತ್ಸಾಹ ಇರದಿದ್ದ ಐಡಿಯಾ ಅದು. ಈಗ ವರ್ಷಪೂರ್ತಿ ಕೈಯಲ್ಲಿ ದುಡ್ಡು ಓಡಾಡುವುದು ಅದರಿಂದಲೇ. ಬೇಸಿಗೆಗೆ ಹಪ್ಪಳ ಒಂದನ್ನೇ ಹಿಡಿದುಕೊಂಡೆವು.

ಮೊದಲ ಸ್ಥಾನ ಕೊಡಲು ಸಂಖ್ಯೆಯ ಐಕಾನ್‌ಗಳಿವೆ. ನನ್ನ ಕಟ್ಟುನಿಟ್ಟು ಏನೆಂದರೆ, ಒಂದು ಹಂಗಾಮಿಗೆ '1' ಒಂದಕ್ಕೇ. ಎರಡಕ್ಕೆ ಕೊಡಬೇಕೆನ್ನಿಸಿದರೆ ನಾಲ್ಕು ಪ್ರಶ್ನೆಗಳ ಉತ್ತರ ಮತ್ತೆ ಓದುತ್ತೇನೆ. ಮೊದಲು ಕೊಳ್ಳುವವರ ಕೊಂಬೆಯಲ್ಲಿ 'ಎಲ್ಲರೂ' ಎಂದು ಬರೆದಿದ್ದರೆ ಆ ಐಡಿಯಾ ಕೆಳಗಿಳಿಯುತ್ತದೆ. 'ಬೆಂಗಳೂರಿನ ಅಕ್ಕನ ಅಪಾರ್ಟ್‌ಮೆಂಟಿನವರು' ಎಂದು ಬರೆದಿದ್ದರೆ ಅದು ನಿಲ್ಲುತ್ತದೆ.

ದೂರದ ಎರಡು ಕೊಂಬೆಗಳ ನಡುವೆ ಬಾಣ ಎಳೆಯುವ ಸೌಲಭ್ಯವೂ ಇದೆ. ಸಿಪ್ಪೆ ತೆಗೆದ ಮುರುಗಲಿನ ಬೀಜ ಸುಮ್ನೆ ಹೋಗುತ್ತಿತ್ತು. ಬೇರೆ ಮೂಲೆಯಲ್ಲಿ ಮುರುಗಲು ತುಪ್ಪ ಅಂತ ಒಂದು ಐಡಿಯಾ ಬರೆದಿಟ್ಟಿದ್ದೆ. ಹಿಮ್ಮಡಿ ಒಡೆದವರು ಹಚ್ಚಿಕೊಳ್ಳಲು ಕೇಳಿ ತೆಗೆದುಕೊಂಡು ಹೋಗುತ್ತಾರಲ್ಲ, ಅದೇ. ಬಾಣ ಎಳೆದ ಮೇಲೆ ಅದು ಪ್ರತ್ಯೇಕ ಐಡಿಯಾ ಅಲ್ಲ, ಸಿರಪ್ಪಿನ ಲೆಕ್ಕದೊಳಗೇ ಸೇರಬೇಕಾದದ್ದು ಎಂದು ಗೊತ್ತಾಯಿತು.

ಎಲ್ಲಾ ಐಡಿಯಾಗಳಿಗೂ ಬೇಕಾಗುವ ಕೆಲಸಗಳನ್ನು ಒಂದೇ ಕೊಂಬೆಗೆ ತಂದದ್ದೂ ಒಳ್ಳೆಯದಾಯಿತು. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ ಕೇಂದ್ರ ಸಂಸ್ಥೆ) ನೋಂದಣಿ, ಸರ್ಕಾರಿ ಜಾಲತಾಣದಲ್ಲಿ ಉಚಿತವಾಗಿ ಆಗುವ, ಸಣ್ಣ ಉದ್ಯಮಗಳ 'ಉದ್ಯಮ್' ನೋಂದಣಿ, ಲೇಬಲ್ಲಿನಲ್ಲಿ ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ತಯಾರಿಸಿದ ದಿನಾಂಕ, ಸಸ್ಯಾಹಾರದ ಹಸಿರು ಗುರುತು, 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ. ಹಪ್ಪಳ ಮಾಡಿ, ಪುಡಿ ಮಾಡಿ, ಇವು ತಪ್ಪುವುದಿಲ್ಲ. ಹಾಗಾಗಿ ಯಾವ ಐಡಿಯಾಕ್ಕೂ ಮೊದಲು ಈ ಕೊಂಬೆ ಮುಗಿಸಿದೆವು.

ಈಗ ಕೊರತೆಗಳು. ದೊಡ್ಡದು ಮೊಬೈಲ್. ಇದು ಕಂಪ್ಯೂಟರಿನ ತಂತ್ರಾಂಶ. ಅಡುಗೆಮನೆಯಲ್ಲಿ ನಿಂತಾಗ ಹೊಳೆದದ್ದನ್ನು ಅಲ್ಲೇ ಸೇರಿಸಲು ಆಗುವುದಿಲ್ಲ. ನಾನು ವಾಟ್ಸಾಪಿನಲ್ಲಿ ನನಗೇ ಕಳಿಸಿಕೊಂಡು ರಾತ್ರಿ ಸೇರಿಸುತ್ತೇನೆ. ಇಬ್ಬರು ಒಟ್ಟಿಗೆ ಕೂತು ಬೇರೆಬೇರೆ ಕಡೆಯಿಂದ ತಿದ್ದುವ ಅಭ್ಯಾಸ ಇರುವವರಿಗೂ ಇದು ಹೊಂದುವುದಿಲ್ಲ. ಅವರು ಆನ್‌ಲೈನ್ ಸೇವೆಗಳನ್ನೇ ನೋಡಬೇಕು. ಮನೆಯವರಿಗೆ ತೋರಿಸಲು ಇಡೀ ನಕ್ಷೆಯ ಚಿತ್ರ ಕಳಿಸಿದರೆ ಅಕ್ಷರ ಇರುವೆಯಷ್ಟು ಸಣ್ಣ. ಬೇಕಾದ ಕೊಂಬೆ ಬಿಟ್ಟು ಮಿಕ್ಕಿದ್ದನ್ನು ಮಡಚಿ, ಅಷ್ಟನ್ನೇ ಚಿತ್ರ ಮಾಡಿ ಕಳಿಸಿದರೆ ಓದಲು ಬರುತ್ತದೆ. ನೋಡಲು ಹಳೆಯ ಕಾಲದ ತಂತ್ರಾಂಶದಂತಿದೆ. ಮೆನುಗಳು ವಿಪರೀತ. ಅರ್ಧಕ್ಕಿಂತ ಜಾಸ್ತಿ ನಾನು ಮುಟ್ಟಿಯೇ ಇಲ್ಲ.

ಖರ್ಚಿನ ಲೆಕ್ಕವನ್ನು ಇದರಲ್ಲಿ ಮಾಡಬೇಡಿ. ಸೂತ್ರ ಹಾಕುವ ಸೌಲಭ್ಯ ಇದ್ದರೂ ಕಾಯಿ, ಎಣ್ಣೆ, ಕೂಲಿ, ಪೊಟ್ಟಣ, ಕೊರಿಯರ್ ಎಲ್ಲ ಸೇರಿಸಿ ಕಿಲೋಗೆ ಎಷ್ಟು ಬಿತ್ತು ಎಂದು ನೋಡಲು ಎಕ್ಸೆಲ್ ಹಾಳೆಯೇ ಸರಿ. ತೊಡೆದೇವು ಕೈಬಿಟ್ಟದ್ದು ಆ ಹಾಳೆ ನೋಡಿ. ಅಷ್ಟು ತೆಳ್ಳಗಿನ ತಿಂಡಿಯನ್ನು ಮುರಿಯದಂತೆ ಕಳಿಸುವ ಡಬ್ಬಿಯ ಖರ್ಚು ತಿಂಡಿಯನ್ನೇ ಮೀರುತ್ತಿತ್ತು. ನಕ್ಷೆಯಲ್ಲಿ ಈಗ ಆ ಕೊಂಬೆಗೆ ಒಂದೇ ಸಾಲು: ಊರಿಗೆ ಬಂದವರಿಗೆ ಮಾತ್ರ.

ಕಂಪ್ಯೂಟರ್ ಇದ್ದು, ಐಡಿಯಾ ಜಾಸ್ತಿ, ಕೈ ಕಡಿಮೆ ಇರುವ ಮನೆ ಉದ್ಯಮಕ್ಕೆ ನಾನು ಇದನ್ನು ಧೈರ್ಯವಾಗಿ ಹೇಳುತ್ತೇನೆ. ಐದರಲ್ಲಿ ನಾಲ್ಕು ಅಂಕ. ಮೊಬೈಲ್ ಒಂದೇ ಇರುವವರಿಗೆ ದೊಡ್ಡ ಡ್ರಾಯಿಂಗ್ ಹಾಳೆ, ಪೆನ್ಸಿಲ್, ಅದೇ ನಾಲ್ಕು ಪ್ರಶ್ನೆ ಸಾಕು. ಫ್ರೀಪ್ಲೇನ್ ಬಳಸುವವರು ಫೈಲಿನ ಒಂದು ಪ್ರತಿ ಪೆನ್‌ಡ್ರೈವಿನಲ್ಲೋ ಗೂಗಲ್ ಡ್ರೈವಿನಲ್ಲೋ ಇಡಿ. ಅದು ಎಕ್ಸ್‌ಎಂಎಲ್ ಎನ್ನುವ ಸಾದಾ ಪಠ್ಯ, ಹಾಗಾಗಿ ಮುಂದೆ ಬೇರೆ ತಂತ್ರಾಂಶಕ್ಕೆ ಹೋಗಬೇಕಾದರೂ ಬರೆದದ್ದು ಕೈಯಲ್ಲೇ ಇರುತ್ತದೆ.