ಸರಸ್ವತಿಪುರಂನ ರಸ್ತೆಬದಿ ಚಾರ್ಜಿಂಗ್: ಕರೆಂಟ್ ಇದೆ, ನಿಲ್ಲಿಸಲು ಜಾಗವಿಲ್ಲ

ಮನೆಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲದವರಿಗೆ ರಸ್ತೆಬದಿಯ ಚಾರ್ಜಿಂಗ್ ಪಾಯಿಂಟ್ ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದು ಅದನ್ನು ರಾತ್ರಿ ಹೊತ್ತು ಬಳಸಿದಾಗಲೇ ತಿಳಿಯುತ್ತದೆ. ಮೈಸೂರಿನ ಸರಸ್ವತಿಪುರಂನ ಅಡ್ಡರಸ್ತೆಯೊಂದರಲ್ಲಿ ಖಾಸಗಿ ಕಂಪನಿಯೊಂದು ನಡೆಸುತ್ತಿರುವ 3.3 ಕಿಲೋವ್ಯಾಟ್ ಪಾಯಿಂಟನ್ನು ಕೆಲವು ತಿಂಗಳಿಂದ ಬಳಸುತ್ತಿದ್ದೇನೆ.

ಯಂತ್ರದ ಬಗ್ಗೆ ನನ್ನ ದೂರಿಲ್ಲ. ಆ್ಯಪ್‌ನ ವಾಲೆಟ್‌ನಲ್ಲಿ ಹಣವಿದ್ದರೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ ಕೂಡಲೇ ಚಾರ್ಜಿಂಗ್ ಶುರುವಾಗುತ್ತದೆ, ಎಷ್ಟು ಯೂನಿಟ್ ಖರ್ಚಾಯಿತೆಂಬ ಲೆಕ್ಕ ಮೊಬೈಲಿಗೆ ಬರುತ್ತದೆ. ಕಂಬವನ್ನು ಫುಟ್‌ಪಾತ್‌ನ ಅಂಚಿನಲ್ಲೇ ನೆಟ್ಟಿರುವುದರಿಂದ ನಡೆದು ಹೋಗುವವರ ಕಾಲಿಗೆ ಕೇಬಲ್ ತೊಡರುವುದಿಲ್ಲ. ವೇಗ ಸಾಲದೆಂದು ಮೂಗು ಮುರಿಯುವವರ ಮಾತನ್ನು ನಾನು ಒಪ್ಪುವುದಿಲ್ಲ. 30 ಯೂನಿಟ್ ಬ್ಯಾಟರಿ ಪೂರ್ತಿ ತುಂಬಲು ಒಂಬತ್ತು ಹತ್ತು ಗಂಟೆ ಹಿಡಿಯುವುದು ನಿಜ. ಆದರೆ ಮಂಡ್ಯಕ್ಕೆ ಹೋಗಿ ಬರುವ ಸುಮಾರು 90 ಕಿಲೋಮೀಟರಿಗೆ 14-15 ಯೂನಿಟ್ ಸಾಕು, ಅದು ರಾತ್ರಿ ಹತ್ತಕ್ಕೆ ಪ್ಲಗ್ ಹಾಕಿದರೆ ಬೆಳಗಿನ ಜಾವ ಮೂರರ ಹೊತ್ತಿಗೆ ತುಂಬಿರುತ್ತದೆ. ಇದರಿಂದ ವಿದ್ಯುತ್ ಜಾಲದ ಮೇಲೆ ಬೀಳುವ ಹೊರೆಯೂ ಸ್ನಾನದ ಮನೆಯ ದೊಡ್ಡ ಗೀಸರ್‌ನಷ್ಟೇ. ಇದೇ ಯಂತ್ರವನ್ನು ದೇವರಾಜ ಅರಸು ರಸ್ತೆಯಲ್ಲಿ ಇಟ್ಟರೆ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಅಂಗಡಿಗೆ ಹೋಗಿ ಬರುವ ಒಂದು ಗಂಟೆಯಲ್ಲಿ ಇಪ್ಪತ್ತು ಕಿಲೋಮೀಟರಿಗಾಗುವಷ್ಟು ಮಾತ್ರ ತುಂಬೀತು.

ತೊಂದರೆ ಇರುವುದು ಕಂಬದ ಎದುರಿನ ಜಾಗದಲ್ಲಿ. ರಾತ್ರಿ ಒಂಬತ್ತು ದಾಟಿದರೆ ಅಲ್ಲಿ ಪೆಟ್ರೋಲ್ ಕಾರೊಂದು ನಿಂತಿರುತ್ತದೆ, ಇಲ್ಲವೇ ಸ್ಕೂಟರ್‌ಗಳ ಸಾಲಿರುತ್ತದೆ. ಎಲೆಕ್ಟ್ರಿಕ್ ವಾಹನಗಳಿಗೆ ಮಾತ್ರ ಎಂಬ ಫಲಕವಿದ್ದರೂ ನೆಲದ ಮೇಲೆ ಗೆರೆಯಿಲ್ಲ, ದಂಡವೂ ಇಲ್ಲ. ಕಂಪನಿಯವರನ್ನು ಕೇಳಿದರೆ ಕಂಬ ತಮ್ಮದು, ರಸ್ತೆ ತಮ್ಮದಲ್ಲ ಎನ್ನುತ್ತಾರೆ. ಹಾಗೆ ನಿಲ್ಲಿಸುವವರನ್ನು ದೂರುವುದೂ ನ್ಯಾಯವಲ್ಲ, ಅವರ ಮನೆಯಲ್ಲೂ ಜಾಗವಿಲ್ಲ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಏಳರವರೆಗೆ ಆ ಜಾಗವನ್ನು ಚಾರ್ಜಿಂಗ್‌ಗೆ ಮೀಸಲಿಟ್ಟು, ಹಗಲಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರೆ ಯಾರಿಗೂ ಅನ್ಯಾಯವಾಗದು. ಎಲೆಕ್ಟ್ರಿಕ್ ವಾಹನಗಳಿಗೆ ಹಸಿರು ನಂಬರ್ ಪ್ಲೇಟ್ ಇರುವುದರಿಂದ ನಿಯಮ ಮೀರಿದವರು ಯಾರೆಂದು ದೂರದಿಂದಲೇ ಗೊತ್ತಾಗುತ್ತದೆ.

ಕಂಪನಿಯೇ ತಿದ್ದಬಹುದಾದ ತಪ್ಪೊಂದಿದೆ. ಚಾರ್ಜಿಂಗ್ ಮುಗಿದ ಅರ್ಧ ಗಂಟೆಯ ನಂತರವೂ ವಾಹನ ಅಲ್ಲೇ ಇದ್ದರೆ ಆ್ಯಪ್ ಹೆಚ್ಚುವರಿ ಶುಲ್ಕ ಮುರಿದುಕೊಳ್ಳುತ್ತದೆ. ಹೆದ್ದಾರಿಯ ಫಾಸ್ಟ್ ಚಾರ್ಜರ್‌ಗೆ ಇದು ಸರಿಯಾದ ನಿಯಮ, ಅಲ್ಲಿ ಹಿಂದೆ ಮತ್ತೊಬ್ಬರು ಕಾಯುತ್ತಿರುತ್ತಾರೆ. ಆದರೆ ವಸತಿ ಬಡಾವಣೆಯಲ್ಲಿ ಬೆಳಗಿನ ಜಾವ ಮೂರೂವರೆಗೆ ಎದ್ದು ಬಂದು ಕಾರು ತೆಗೆಯಿರಿ ಎಂದು ವಯಸ್ಸಾದವರಿಗೆ, ಒಬ್ಬರೇ ಇರುವ ಹೆಣ್ಣುಮಕ್ಕಳಿಗೆ ಹೇಳುವುದು ಸಲ್ಲದು. ಶುಲ್ಕ ಬೆಳಿಗ್ಗೆ ಏಳರ ನಂತರ ಶುರುವಾಗಬೇಕು.

ಕೇಂದ್ರ ಸರ್ಕಾರದ 2024ರ ಮಾರ್ಗಸೂಚಿಯ ಪ್ರಕಾರ 2030ರೊಳಗೆ ನಗರಗಳಲ್ಲಿ ಉದ್ದಗಲ ಒಂದೊಂದು ಕಿಲೋಮೀಟರಿನ ಪ್ರತಿ ಚೌಕಕ್ಕೂ ಕನಿಷ್ಠ ಒಂದು ಚಾರ್ಜಿಂಗ್ ಕೇಂದ್ರ ಇರಬೇಕು. ಆ ಚೌಕದ ಯಾವ ಓಣಿಯ ಮನೆಗಳಿಗೆ ಕಾಂಪೌಂಡ್ ಇಲ್ಲ ಎಂಬುದು ಈ ಲೆಕ್ಕದಲ್ಲಿ ಕಾಣುವುದಿಲ್ಲ. ಆ್ಯಮ್‌ಸ್ಟರ್‌ಡ್ಯಾಮ್‌ನಲ್ಲಿ ಸ್ವಂತ ಪಾರ್ಕಿಂಗ್ ಇಲ್ಲದ ನಿವಾಸಿಗಳು ಅರ್ಜಿ ಹಾಕಿದರೆ ಮನೆಯ ಹತ್ತಿರದ ರಸ್ತೆಯಲ್ಲಿ ಪಾಯಿಂಟ್ ಒದಗಿಸುವ ಪದ್ಧತಿಯಿದೆ. ಕಂಪನಿಗೆ ಎರಡನೆಯ ಕಂಬ ಹಾಕುವ ಯೋಚನೆಯಿದ್ದರೆ ಅದನ್ನು ಸರಸ್ವತಿಪುರಂನಲ್ಲಿ ಹಾಕದೆ, ಬಾಗಿಲು ತೆರೆದರೆ ಬೀದಿಯೇ ಸಿಗುವ ಅಗ್ರಹಾರ, ಕೆ.ಆರ್. ಮೊಹಲ್ಲಾದ ಕಡೆ ಹಾಕಲಿ. ಮಹಡಿಯ ಕಿಟಕಿಯಿಂದ ವೈರ್ ಇಳಿಬಿಟ್ಟು ಸ್ಕೂಟರ್ ಚಾರ್ಜ್ ಮಾಡಬೇಕಾದ ಬಾಡಿಗೆದಾರರಿಗಾಗಿ ಅದರಲ್ಲಿ ಎರಡು 15 ಆಂಪಿಯರ್ ಸಾಕೆಟ್‌ಗಳನ್ನೂ ಸೇರಿಸಲಿ.